ಆಯುಧಪೂಜೆಗೆ ಕೂತ ಎಂಬಿರಾ

ವಾದ್ಯವನ್ನು ಯಾರೂ ಒಡೆಯಲಿಲ್ಲ, ಯಾರೂ ಕದಿಯಲಿಲ್ಲ. ನನ್ನ ಮಗಳು ಅದನ್ನು ಮಡಿ ಮಾಡಲು ಹೋಗಿ ಮೂಕ ಮಾಡಿದಳು. ನಡೆದದ್ದು ಇಷ್ಟೇ. ಆಮೇಲೆ ಮನೆಯಲ್ಲಿ ಒಬ್ಬೊಬ್ಬರೂ ಒಂದೊಂದು ಬಣ್ಣ ಕಟ್ಟಿ ಹೇಳಿದ್ದೆಲ್ಲ ಬರೀ ಸಬೂಬು.

ಮೊಮ್ಮಗಳ ಶಾಲೆಯಲ್ಲಿ ಆಫ್ರಿಕಾದ ಸಂಗೀತದ ಮೇಲೆ ಪ್ರಾಜೆಕ್ಟು ಕೊಟ್ಟಿದ್ದರು. ಯಾವ ಸೀಮೆಗೆ ಯಾವ ವಾದ್ಯ ಅಂತ ತೋರಿಸಬೇಕಂತೆ. ಇವಳು ದೊಡ್ಡ ಹಾಳೆಯಲ್ಲಿ ನಕ್ಷೆ ಬರೆದು, ಪಡುವಣಕ್ಕೊಂದು ಡೋಲು ಅಂಟಿಸಿ, ಮಿಕ್ಕ ಕಡೆಗೂ ಅದೇ ಡೋಲು ಅಂಟಿಸುತ್ತ ಕೂತಿದ್ದಳು. ಪಕ್ಕದ ಮನೆಯವಳು ಜಿಂಬಾಬ್ವೆಯ ಹೆಂಗಸು, ಆಸ್ಪತ್ರೆಯಲ್ಲಿ ನರ್ಸು. ನಕ್ಷೆ ನೋಡಿ ನಕ್ಕಳು. ಕಪ್ಪಗಿದ್ದವರಿಗೆಲ್ಲ ಡೋಲು ಬಡಿಯಲು ಬರುತ್ತದೆ ಎಂದು ಈ ಬಿಳಿಯರ ದೇಶದವರು ತಿಳಿದಿದ್ದಾರಂತೆ. ನನಗೇನೂ ಆಶ್ಚರ್ಯವಾಗಲಿಲ್ಲ. ನಮ್ಮ ಬಡಾವಣೆ ಕ್ಲಾಂಡಾಲ್ಕಿನ್ನಿನ ಬಸ್ ಸ್ಟಾಪಿನಲ್ಲಿ ಬಿಳಿಯವಳೊಬ್ಬಳು ನನಗೆ ಭಾಂಗ್ಡಾ ಕುಣಿದು ತೋರಿಸಲು ಹೇಳಿದ್ದಳು, ನಾನು ಮಂಡಿನೋವಿಗೆ ಕುಂಟುವುದನ್ನು ನೋಡಿಯೂ.

ತಮ್ಮ ಕಡೆಯದು ಇದು ಎಂದು ಅವಳು ಎಂಬಿರಾ ತಂದಳು. ಮರದ ಹಲಗೆ, ಅದರ ಮೇಲೆ ಸಾಲಾಗಿ ಕಬ್ಬಿಣದ ನಾಲಿಗೆಗಳು. ಅದನ್ನು ಅರ್ಧ ಸೋರೆಬುರುಡೆಯೊಳಗೆ ಕೂರಿಸಿ ಹೆಬ್ಬೆರಳಲ್ಲಿ ಮೀಟುವುದು. ಬುರುಡೆಯ ಅಂಚಿಗೆ ಸುತ್ತಲೂ ಬಾಟಲಿ ಮುಚ್ಚಳಗಳನ್ನು ಸಡಿಲವಾಗಿ ಕಟ್ಟಿದ್ದರು. ಒಂದೊಂದು ಸ್ವರಕ್ಕೂ ಅವು ಜಿರ್ರೆಂದು ಹೆಜ್ಜೇನಿನ ಹಾಗೆ ಗುಂಯ್‌ಗುಡುತ್ತಿದ್ದವು. ಮೊದಲು ನನ್ನ ಹಲ್ಲು ಜುಮ್ಮೆಂದಿತು, ಆಮೇಲೆ ಕಿವಿ ಒಗ್ಗಿತು.

ಶಾಲೆಗೆ ಒಯ್ಯಲು ಕೊಟ್ಟಳು. ಒಂದೇ ಮಾತು ಹೇಳಿದಳು. ಶನಿವಾರ ಅತ್ಲೋನ್‌ನಲ್ಲಿ ಅವಳ ಅಣ್ಣನ ಮನೆಯಲ್ಲಿ ಅಮ್ಮನ ವರ್ಷದ ಕಾರ್ಯ, ರೈಲಿನಲ್ಲಿ ಹೋಗಬೇಕು. ಆ ಗುಂಯ್‌ಗುಡುವ ದನಿ ಕೇಳದೆ ಸತ್ತವರು ಬಂದು ಕೂರುವುದಿಲ್ಲ. ಶುಕ್ರವಾರ ಸಂಜೆ ವಾಪಸು ಬೇಕು.

ಶುಕ್ರವಾರ ನಮ್ಮಲ್ಲಿ ಆಯುಧಪೂಜೆ. ಬೂದುಗುಂಬಳ ಸಿಗದೆ ಅಳಿಯ ಹ್ಯಾಲೋವೀನ್ ಕುಂಬಳಕಾಯಿಯನ್ನು ಕಾರಿನ ಮುಂದೆ ಒಡೆದ. ನಾನು ಅಡುಗೆಮನೆಯಲ್ಲಿ ಒಬ್ಬಟ್ಟು ತಟ್ಟಿ ಹೊರಗೆ ಬಂದರೆ, ದೇವರ ಮುಂದೆ ಲ್ಯಾಪ್‌ಟಾಪು, ಇಕ್ಕಳ, ಸ್ಕ್ರೂಡ್ರೈವರು, ನಡುವೆ ಗುರುವಾರವೇ ಶಾಲೆಯಿಂದ ಮರಳಿದ್ದ ಎಂಬಿರಾ. ಒದ್ದೆ ಬಟ್ಟೆಯಲ್ಲಿ ಒರೆಸಿ ಗಂಧ ಕುಂಕುಮ ಇಟ್ಟಿದ್ದರು. ಬುರುಡೆಯ ಅಂಚು ಬೋಳು.

"ಮುಚ್ಚಳ ಎಲ್ಲೇ?"

"ಬೀರು ಬಾಟ್ಲಿ ಮುಚ್ಚಳ ದೇವರ ಮುಂದೆ ಇಡಕ್ಕಾಗುತ್ತಾ ಅಮ್ಮಾ? ಎಲ್ಲಾ ಕಿತ್ತು ಬಿನ್‌ಗೆ ಹಾಕ್ದೆ. ನೋಡು, ಎಷ್ಟು ನೀಟಾಗಿದೆ!"

ಕಸದ ಲಾರಿ ಅಷ್ಟು ಹೊತ್ತಿಗೆ ಬಂದು ಹೋಗಿತ್ತು.

"ತಂಬೂರಿ ತಂತಿ ಕೆಳಗೆ ನೂಲು ಸಿಕ್ಕಿಸ್ತಾರಲ್ಲ, ಅದೂ ಕಸ ಅಂತ ಕಿತ್ತಾಕ್ತೀಯೇನೇ? ದನಿ ಬರೋದೇ ಅದ್ರಿಂದ! ಕೊಡು ಇಲ್ಲಿ, ಪಕ್ಕದವಳಿಗೆ ಈಗ್ಲೇ ಹೇಳಿಬರ್ತೀನಿ."

"ಪೂಜೆಗೆ ಇಟ್ಟಿದ್ದನ್ನ ನಾಳೆವರೆಗೂ ಎತ್ತಬಾರ್ದಮ್ಮಾ. ನೀನೇ ಹೇಳಿಕೊಟ್ಟಿದ್ದು." ಎನ್ನುತ್ತಲೇ ತನ್ನ ಲ್ಯಾಪ್‌ಟಾಪು ಎತ್ತಿಕೊಂಡಳು.

"ನಿನ್ನ ಲ್ಯಾಪ್‌ಟಾಪು ಮೀಟಿಂಗಿಗೆ ಎದ್ದು ಹೋಗ್ತಾ ಇದೆಯಲ್ಲ! ಅದಕ್ಕೆ ಶಾಸ್ತ್ರ ಇಲ್ವಾ?"

"ಅದು ಆಫೀಸು," ಅಂದಳು. ಲ್ಯಾಪ್‌ಟಾಪಿನ ಕುಂಕುಮ ಒರೆಸಿಕೊಂಡು ಮೇಲಕ್ಕೆ ಹೋದಳು. ಇಂಥವಳಿಗೆ ಏನು ಹೇಳುವುದು? ಶಾಸ್ತ್ರವೆಲ್ಲ ಬೇರೆಯವರ ಸಾಮಾನಿಗೆ.

ಸಂಜೆ ಪಕ್ಕದವಳು ಬಂದಳು. ಯಾರ ಅಪ್ಪಣೆಯನ್ನೂ ಕೇಳದೆ ನಾನೇ ಎಂಬಿರಾ ಎತ್ತಿ ಕೊಟ್ಟೆ. ಅಂಚು ಸವರಿ ನೋಡಿದಳು. ಮೀಟಿದಳು. ಟಿಣ್, ಟಿಣ್. ಸ್ಟೀಲ್ ಲೋಟಕ್ಕೆ ಚಮಚ ಬಡಿದ ಹಾಗೆ. ಮಗಳು ಇಂಗ್ಲಿಷಿನಲ್ಲಿ ಸಾರಿಯ ಮೇಲೆ ಸಾರಿ ಸುರಿದಳು. ಪಕ್ಕದವಳು ಬೈಯಲಿಲ್ಲ. "ಇಟ್ಸ್ ಗ್ರ್ಯಾಂಡ್" ಅಂದಳು. ಪರವಾಗಿಲ್ಲ ಅನ್ನಲು ಈ ಊರಿನವರ ಮಾತು ಅದು, ಮನೆ ಹೊತ್ತಿ ಉರಿದರೂ ಗ್ರ್ಯಾಂಡೇ. ಮುಖ ಮಾತ್ರ ಬಾಡಿಹೋಗಿತ್ತು. ಬುರುಡೆಯನ್ನು ಕೂಸಿನ ಹಾಗೆ ತಬ್ಬಿಕೊಂಡು ಹೋದಳು.

"ನೋಡು, ಅವ್ರೇ ಪರ್ವಾಗಿಲ್ಲ ಅಂದ್ರು," ಅಂದಳು ಮಗಳು.

"ನನ್ನ ತಿಥಿ ದಿನ ಎಡೆಗೆ ಉಪ್ಪಿಲ್ಲದ ಅಡುಗೆ ಇಡು. ನಾನೂ ಗ್ರ್ಯಾಂಡ್ ಅಂತೀನಿ."

ಅಳಿಯ ಮುಚ್ಚಳಗಳನ್ನು ಆನ್‌ಲೈನಿನಲ್ಲಿ ಆರ್ಡರ್ ಮಾಡುತ್ತೇನೆ, ಮಂಗಳವಾರ ಬರುತ್ತವೆ ಎಂದ. ಸತ್ತವರು ಮಂಗಳವಾರದವರೆಗೆ ಕಾಯಲಿ ಅಂತಲೋ ಏನೋ. ನಾನು ಊಟ ಬಿಟ್ಟು ಮಲಗಿದೆ.

ಬೆಳಿಗ್ಗೆ ವಿಜಯದಶಮಿ. ಸ್ನಾನ ಮಾಡಿ, ಸೀರೆಯ ಮೇಲೆ ಕೋಟು ಹಾಕಿ, ಮೊಮ್ಮಗಳನ್ನು ಎಬ್ಬಿಸಿ ಬೀದಿ ಕೊನೆಯ ಪಬ್ಬಿಗೆ ನಡೆದೆ. ನಮ್ಮ ಮನೆಯಿಂದ ಅಲ್ಲಿಗೆ ಕಾಲಿಟ್ಟವರಿಲ್ಲ. ಒಳಗೆ ಒಬ್ಬ ನೆಲ ಒರೆಸುತ್ತಿದ್ದ. ಬಾಗಿಲ ಗಾಜು ಬಡಿದೆ.

"ಅಜ್ಜಿ, ದಿಸ್ ಈಸ್ ಸೋ ಎಂಬ್ಯಾರಸಿಂಗ್."

"ಸುಮ್ನೆ ನಾನು ಹೇಳಿದ್ದನ್ನ ಹೇಳು. ಅಜ್ಜಿಗೆ ಬೀರು ಬೇಡ, ಮುಚ್ಚಳ ಬೇಕು ಅನ್ನು."

ಅವನು ನನ್ನನ್ನೂ ನನ್ನ ಕುಂಕುಮವನ್ನೂ ಒಂದು ಗಳಿಗೆ ನೋಡಿ ಒಳಗೆ ಹೋದ. ನಾನು ಸೆರಗು ಒಡ್ಡಿದೆ, ಅವನು ಒಂದು ಡಬ್ಬ ತಂದು ಸುರಿದ. ಹಬ್ಬದ ಸೀರೆಯಲ್ಲಿ ಬೀರಿನ ವಾಸನೆ ಕಟ್ಟಿಕೊಂಡು, ಮುಚ್ಚಳ ಕಟ್ಟಲೆಂದು ಮನೆಯಿಂದ ಅಳಿಯನ ಕುಂಕುಮ ಮೆತ್ತಿದ ಇಕ್ಕಳ ತಂದು, ಅವಳು ರೈಲಿಗೆ ಹೊರಡುವ ಮುಂಚೆ ಪಕ್ಕದ ಮನೆಯ ಬೆಲ್ ಒತ್ತಿದೆ.