ತಂಗಿಯ ಮನೆಯಲ್ಲಿಟ್ಟ ಬುಟ್ಟಿ

ನನ್ನ ಹತ್ತಿರ ಆಗ ಐದು ಬುಟ್ಟಿಗಳಿದ್ದವು, ಸಿಮೆಂಟು ಕಲಸಿ ಹೊರುವ ಕಬ್ಬಿಣದ ಬುಟ್ಟಿಗಳು. ಕೈಗಳು ಮಾತ್ರ ಎರಡೇ.

ನಮ್ಮ ಗೌಂಡಿ ಕೆಲಸದಲ್ಲಿ ಒಂದು ರೂಢಿ ಇದೆ. ಮಾತು ಮುಗಿದ ಮನೆಯಲ್ಲಿ ಒಂದು ಬುಟ್ಟಿ ಇಟ್ಟು, ಗೋಡೆಗೆ ಎರಡು ಮೊಳೆ ಹೊಡೆದು ದಾರ ಕಟ್ಟಿ ಬಂದರೆ ಕೆಲಸ ಹಿಡಿದಂತೆ. ಮನೆಯವರಿಗೆ ಶುರುವಾಯಿತು ಎಂಬ ಸಮಾಧಾನ. ಬೇರೆ ಗೌಂಡಿ ಬಂದರೂ ಬುಟ್ಟಿ ನೋಡಿ ತಿರುಗಿ ಹೋಗುತ್ತಾನೆ. ಒಬ್ಬರ ಬುಟ್ಟಿಯನ್ನು ಇನ್ನೊಬ್ಬರು ಎತ್ತುವುದಿಲ್ಲ.

ಹಾಗೆ ಮಡಗಾಂವಿಯ ಸುತ್ತಮುತ್ತ, ನಾವೆಲಿಯಲ್ಲಿ ಒಂದು ಬಚ್ಚಲು, ಫಾತೋರ್ಡಾದಲ್ಲಿ ಒಂದು ಕಾಂಪೌಂಡು, ಬಾಣಾವಲಿಯಲ್ಲಿ ಬಾಡಿಗೆ ಕೋಣೆಗಳ ನೆಲ, ಹೀಗೆ ನಾಲ್ಕು ಕಡೆ ಹಿಡಿದಿದ್ದೆ. ದಿನವೆಲ್ಲ ಸ್ಕೂಟರ್ ಮೇಲೆಯೇ. ಒಂದು ಕಡೆ ನಾಲ್ಕು ಫರಸಿ ಕೂಡಿಸುವಷ್ಟರಲ್ಲಿ ಇನ್ನೊಂದು ಕಡೆಯಿಂದ ಫೋನು. ಯಾರು ಕೇಳಿದರೂ "ಬಂದೆ" ಎನ್ನುತ್ತಿದ್ದೆ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವನು ನಾನು, ಕೆಲಸಗಳನ್ನು ಬರೆದಿಟ್ಟುಕೊಳ್ಳುವ ಅಭ್ಯಾಸವಿಲ್ಲ. ಯಾವುದು ಮೊದಲು ಎಂದು ನಿರ್ಧರಿಸಲು ನನಗಿದ್ದದ್ದು ಒಂದೇ ಲೆಕ್ಕ: ಯಾರು ಜೋರಾಗಿ ಬೈಯುತ್ತಾರೋ ಅವರದು ಮೊದಲು.

ನನ್ನ ತಂಗಿ ಬೈಯುವವಳಲ್ಲ.

ಐದನೆಯ ಬುಟ್ಟಿ ಇದ್ದದ್ದು ಅವಳ ಮನೆಯಲ್ಲಿ, ಮೋತಿ ಡೊಂಗರ ಎಂಬ ಗುಡ್ಡದ ಮೇಲೆ. ಗಂಡ ಲಾರಿ ಹತ್ತಿದರೆ ಹದಿನೈದು ದಿನ ಬರುವುದಿಲ್ಲ. ಅವಳು ಮೂರು ಮನೆಗಳಲ್ಲಿ ಪಾತ್ರೆ ತೊಳೆಯುತ್ತಾಳೆ. ಮೊಣಕಾಲು ಹಿಡಿದುಕೊಂಡು ಕುಕ್ಕರಗಾಲಲ್ಲಿ ಕೂರಲು ಆಗುತ್ತಿರಲಿಲ್ಲ. ಆದರೆ ಜೋಳದ ರೊಟ್ಟಿ ಬಡಿಯುವ ಕೈ ನಮ್ಮವ್ವನದೇ. ಮಡಗಾಂವಿಯಲ್ಲಿ ಖಾನಾವಳಿ ನಡೆಸುವ ಬೆಳಗಾವಿ ಕಡೆಯ ಒಬ್ಬ ಹೆಂಗಸು ಆ ರೊಟ್ಟಿ ತಿಂದು, ದಿನಾ ನೂರು ಬೇಕು ಎಂದಿದ್ದಳು. ಒಂದೇ ಷರತ್ತು: ನೆಲದ ಮೇಲೆ ಮಾಡಿದ್ದು ನಡೆಯುವುದಿಲ್ಲ, ಒಲೆಗೆ ಕಟ್ಟೆ ಇರಬೇಕು, ಸೋಮವಾರ ಬಂದು ನೋಡುತ್ತೇನೆ ಎಂದೂ ಹೇಳಿದ್ದಳು. ಕಟ್ಟೆಯಾದರೆ ತಂಗಿ ನಿಂತುಕೊಂಡು ರೊಟ್ಟಿ ಮಾಡಬಹುದು, ಪಾತ್ರೆಯ ಕೆಲಸ ಬಿಡಬಹುದು.

ಎರಡು ಸಣ್ಣ ಗೋಡೆ, ಮೇಲೊಂದು ಕಡಪಾ ಕಲ್ಲು. ನನಗೆ ಒಂದು ದಿನದ ಕೆಲಸ. ಇಟ್ಟಿಗೆ, ಉಸುಕು, ಕಲ್ಲು ಎಲ್ಲ ತಂದು ಹಾಕಿ, ದಾರ ಕಟ್ಟಿ, ಬುಟ್ಟಿ ಇಟ್ಟು ಬಂದೆ.

"ಅಣ್ಣಾ, ಸೋಮವಾರದೊಳಗ ಆಗ್ತೈತಿಲ್ಲೋ?" ಎಂದು ಶುಕ್ರವಾರ ಫೋನು ಮಾಡಿದಳು.

"ಆಗ್ತೈತಿ ತಂಗಿ. ನಾಳೆ ಮುಂಜಾನೆ ಅಲ್ಲೇ ಇರ್ತೀನಿ."

"ನಿನ್ನ ನಾಳೆಗೆ ಮೀಸಿ ಬಂದಾವ ನೋಡು," ಎಂದು ನಕ್ಕಳು. ನಾನೂ ನಕ್ಕೆ.

ಶನಿವಾರ ಹೋಗಲಾಗಲಿಲ್ಲ. ಭಾನುವಾರ ನಿಜವಾಗಿಯೂ ಹೊರಟಿದ್ದೆ. ಡೊಂಗರಿನ ಮೆಟ್ಟಿಲುಗಳ ಬುಡದಲ್ಲಿ ಸ್ಕೂಟರ್ ನಿಲ್ಲಿಸಿದಾಗ ಮೇಲೆ ಅವಳ ಮನೆಯ ನೀಲಿ ತಾಡಪತ್ರಿ ಕಾಣುತ್ತಿತ್ತು. ಆಗ ಬಾಣಾವಲಿಯ ಮಾಲೀಕನ ಫೋನು ಬಂತು. ಸಂಜೆಗೆ ಪ್ರವಾಸಿಗಳು ಬರುತ್ತಾರೆ, ನೆಲ ಅರ್ಧಕ್ಕೆ ನಿಂತಿದೆ, ಇವತ್ತು ಬರದಿದ್ದರೆ ಇನ್ನು ಬರಲೇಬೇಡ ಎಂದು ಕೂಗಾಡಿದ. "ಬಂದೆ ಪಾತ್ರಾಂವ್" ಎಂದು ಧಣಿಗೆ ಹೇಳಿ ಸ್ಕೂಟರ್ ತಿರುಗಿಸಿದೆ. ಮೂವತ್ತು ಮೆಟ್ಟಿಲು ಹತ್ತಿ, ಬರಲಾಗುವುದಿಲ್ಲ ತಂಗಿ ಎಂದು ಹೇಳಬಹುದಿತ್ತು. ಅದನ್ನೂ ಮಾಡಲಿಲ್ಲ. ಅವಳ ಮುಖ ನೋಡಿದರೆ ಹೋಗಲಾಗುತ್ತಿರಲಿಲ್ಲ, ಅದು ನನಗೆ ಗೊತ್ತಿತ್ತು.

ಸೋಮವಾರ, ಮಂಗಳವಾರ, ಬುಧವಾರ ಅವಳ ಫೋನು ಬರಲಿಲ್ಲ. ಒಬ್ಬರ ಕಾಟ ಕಡಿಮೆಯಾಯಿತು ಎಂದುಕೊಂಡೆ. ಹಾಗೆ ಅಂದುಕೊಂಡದ್ದನ್ನು ಹೇಳಲು ಈಗಲೂ ನಾಚಿಕೆಯಾಗುತ್ತದೆ.

ಗುರುವಾರ ಮುಂಜಾನೆ, ಕೂಲಿಯವರು ನಿಲ್ಲುವ ನಾಕಾದಲ್ಲಿ ಚಹಾ ಕುಡಿಯುವಾಗ ಇನ್ನೊಬ್ಬ ಗೌಂಡಿ ಪಕ್ಕಕ್ಕೆ ಬಂದ. ತಂಗಿಯ ಓಣಿಯ ಕೆಳಗೇ ಇರುವವನು.

"ಶನಿವಾರ ನಿನ್ನ ತಂಗಿ ನನ್ನ ಕರದಿದ್ಲಪಾ. ಒಲಿ ಕಟ್ಟಿ ಮಾಡಿಕೊಡು ಅಂದ್ಲು. ಹೋದೆ, ನಿನ್ನ ಬುಟ್ಟಿ ನೋಡಿದೆ, ತಿರುಗಿ ಬಂದೆ."

"ಎತ್ತಿಟ್ಟು ಮಾಡಬೇಕಿತ್ತಲ್ಲೋ!"

"ನಾ ನಿನ್ನ ಬುಟ್ಟಿ ಎತ್ತಿದ್ರ ನಾಳೆ ನೀ ನಂದು ಬಿಡ್ತೀಯೇನು? ಅದೂ ಖಾಸ ತಂಗಿ ಮನ್ಯಾಗಿಂದು. ಅಣ್ಣ ಬಂದೇ ಬರ್ತಾನ ತಗೋ ಅಂತ ನಾನ ಹೇಳಿ ಬಂದೆ." ಒಂದು ಗುಟುಕು ಕುಡಿದು, "ಖಾನಾವಳಿಯಾಕಿ ಬಂದು ನೋಡಿ ಹೋದ್ಲಂತ. ಬ್ಯಾರೆಯವರಿಗೆ ಹೇಳ್ಯಾಳಂತ," ಎಂದ.

ತಡ ಮಾಡಿದ್ದೇನೆ ಎಂದಷ್ಟೇ ತಿಳಿದಿದ್ದೆ. ನಾನು ಆ ಮನೆಯಲ್ಲಿ ಬುಟ್ಟಿಯನ್ನೇ ಇಡದಿದ್ದರೆ ಕಟ್ಟೆ ಶನಿವಾರವೇ ಆಗುತ್ತಿತ್ತು.

ಚಹಾ ಬಿಟ್ಟು ಹೋದೆ. ಅವಳು ಕೆಲಸಕ್ಕೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದಳು. ನನ್ನನ್ನು ನೋಡಿ, "ಇವತ್ತು ಎಲ್ಲಿ ಕೆಲಸ ಕೈ ಕೊಡ್ತೋ ಅಣ್ಣಾ?" ಎಂದಳು.

"ನನಗ್ಯಾಕ ಹೇಳಲಿಲ್ಲವ್ವಾ?"

"ಏನಂತ ಹೇಳಲಿ? ಬಾ ಅಂದ್ರ ಬಂದೆ ಅಂತೀಯ. ಅದರ ಮ್ಯಾಲೆ ಇನ್ನೇನ ಕೇಳೂದು?" ಸೆರಗು ಸರಿ ಮಾಡಿಕೊಂಡಳು. "ಈಗೇನ ಅವಸರಿಲ್ಲ ಬಿಡು. ಹೊರಗಿನವರದು ಮುಗಿಸ್ಕೋ."

ಅವಳು ಮೆಟ್ಟಿಲಿಳಿದು ಹೋದಳು, ಒಂದೊಂದು ಮೆಟ್ಟಿಲಿಗೂ ಮೊಣಕಾಲಿನ ಮೇಲೆ ಕೈಯಿಟ್ಟು.

ಉಸುಕು ಸೋಸಿದೆ, ಇಟ್ಟಿಗೆ ನೆನೆಸಿದೆ. ಅಳತೆ ಹಿಡಿಯಲು ಹೋದಾಗ ಕೈ ನಿಂತಿತು. ನಿಂತು ರೊಟ್ಟಿ ಬಡಿಯುವ ಕಟ್ಟೆ ಮೊಣಕೈಗಿಂತ ಒಂದು ಗೇಣು ಕೆಳಗಿರಬೇಕು. ಪರರ ಅಡಿಗೆಮನೆಗಳಲ್ಲಿ ಮನೆಯೊಡತಿಯನ್ನು ನಿಲ್ಲಿಸಿ ಅಳೆಯುತ್ತೇನೆ. ನನ್ನ ತಂಗಿ ಎಷ್ಟು ಎತ್ತರ ಎಂದು ನನಗೆ ಗೊತ್ತಿರಲಿಲ್ಲ. ಮೊದಲು ಕಟ್ಟಿದ್ದ ದಾರ ಸುಮ್ಮನೆ ಅಂದಾಜಿನದು, ಬಿಚ್ಚಿ ಹಾಕಿದೆ.

ಅವಳು ಬರುವುದು ಮಧ್ಯಾಹ್ನ. ಕೂತೆ, ಎದ್ದೆ, ಬಾಗಿಲಿಗೆ ಹೋಗಿ ಬಂದೆ. ಫೋನು ಹೊಡೆದುಕೊಳ್ಳುತ್ತಲೇ ಇತ್ತು. ನಾವೆಲಿ, ಫಾತೋರ್ಡಾ, ಮತ್ತೆ ನಾವೆಲಿ. ಅದನ್ನು ನೆಲದ ಮೇಲಿಟ್ಟು ಬುಟ್ಟಿ ಕವುಚಿ ಹಾಕಿದೆ. ಒಳಗೆ ಕಬ್ಬಿಣಕ್ಕೆ ತಾಗಿ ಗುರ್ರೆಂದಿತು. ಒಂದೇ ಕೆಲಸಕ್ಕಾಗಿ ಸುಮ್ಮನೆ ಕಾಯುವುದು ಇಷ್ಟು ಕಷ್ಟ ಎಂದು ತಿಳಿದಿರಲಿಲ್ಲ.

ಬಂದವಳನ್ನು ಗೋಡೆಗೆ ನಿಲ್ಲಿಸಿದೆ. "ರೊಟ್ಟಿ ಬಡದಂಗ ಮಾಡು."

ಗಾಳಿಯಲ್ಲಿ ಬಡಿದಳು. ಪೆನ್ಸಿಲಿನಿಂದ ಗೆರೆ ಎಳೆದೆ. ಅವಳು ತಿರುಗಿ ನೋಡಿ, "ಇಷ್ಟು ಸಣ್ಣಾಕಿ ಏನೋ ನಾನು?" ಎಂದಳು.

ಅಂದು ಕತ್ತಲಾಗುವ ಮೊದಲು ಕಲ್ಲು ಕೂಡಿಸಿದೆ.

ಖಾನಾವಳಿಯವಳು ಮತ್ತೆ ಬಂದಿಲ್ಲ. ತಂಗಿ ಇನ್ನೂ ಮೂರು ಮನೆಗಳ ಪಾತ್ರೆ ತೊಳೆಯುತ್ತಾಳೆ. ಸಂಜೆ ಆ ಕಟ್ಟೆಯ ಮೇಲೆ ಓಣಿಯವರಿಗೆಂದು ಇಪ್ಪತ್ತು ರೊಟ್ಟಿ ಮಾಡುತ್ತಾಳೆ. ನಾನು ಮೂರು ಬುಟ್ಟಿ ಮಾರಿದ್ದೇನೆ. ಆದರೂ ಫೋನು ಬಂದರೆ ಯಾರದೆಂದು ನೋಡುವ ಮೊದಲೇ ನಾಲಿಗೆ ಹೊರಳುತ್ತದೆ. ಮೊನ್ನೆ ಅವಳು ಗಂಗಾಳ ಮುಂದಿಟ್ಟಾಗಲೂ ಫೋನು ಬಂತು, ನನ್ನ ಕೈ ಕಿಸೆಗೆ ಹೋಯಿತು.

"ಮೊದಲು ಉಣ್ಣು," ಎಂದಳು, ಹಂಚಿನ ಮೇಲಿಂದ ಕಣ್ಣು ತೆಗೆಯದೆ. "ಆಮ್ಯಾಲೆ ಅನ್ನುವಂತಿ, ಬಂದೆ ಅಂತ."