ಕೆಂಪು ತಂತಿ ಮತ್ತು ರೈಮೊನ ಕೇಕು

ತೆರ್ತು ಹಾಪಕೋಸ್ಕಿಗೆ ಮನುಷ್ಯರ ಬೆರಳಿನ ಮೇಲೆ ನಂಬಿಕೆಯಿರಲಿಲ್ಲ. ಬೆರಳನ್ನೂ ನಾಲಿಗೆಯನ್ನೂ ಒಟ್ಟಿಗೆ ಆಡಿಸುವವರನ್ನು ಕಂಡರೆ ಅಸಹ್ಯವೇ. ಉತ್ತರದ ಚಳಿನಾಡಿನ ಔಲು ಪಟ್ಟಣದಲ್ಲಿ ಸರ್ಕ್ಯೂಟ್ ಬೋರ್ಡು ಮಾಡುವ ಒಂದು ಕಂಪನಿಯಲ್ಲಿ ಪರೀಕ್ಷೆಯ ಕೋಣೆ ಅವಳ ವಶದಲ್ಲಿತ್ತು. ಅಲ್ಲಿನ ಕಪಾಟಿನಲ್ಲಿ ಸಾಲಾಗಿ ಕೂತ ಬೋರ್ಡುಗಳ ಕರೆಂಟನ್ನು ಕಂಪ್ಯೂಟರೇ ಕಡಿಯುತ್ತಿತ್ತು, ಮತ್ತೆ ಕೊಡುತ್ತಿತ್ತು, ಬೋರ್ಡು ಉತ್ತರ ಕೊಡುತ್ತದೆಯೇ ಎಂದು ಕಿವಿಗೊಡುತ್ತಿತ್ತು. ಹೊಸ ಬೋರ್ಡು ಬಂದರೆ ತೆರ್ತುವಿನ ಕಟ್ಟಳೆ ಒಂದೇ: ತಂತಿ ಜೋಡಿಸಿದ ಮೇಲೆ ಎಲ್ಲರೂ ಕಾಫಿಗೆ ಹೊರಡಬೇಕು, ಕೋಣೆಗೆ ಬೀಗ, ಕೀಲಿ ಅವಳ ಜೇಬಿಗೆ. ಯಾರ ಕೈಯೂ ಸೋಕದೆ ಆ ಕಾಫಿಯ ಹೊತ್ತನ್ನು ದಾಟಿದ ಬೋರ್ಡಿಗೆ ಮಾತ್ರ ಕಪಾಟಿನಲ್ಲಿ ಜಾಗ. ದಾಟಿದ ಮರುದಿನ ಅದನ್ನು ರೂಪಿಸಿದವರು ಕೇಕು ತರುವುದು ರೂಢಿ.

ಹೊಸ ಬೋರ್ಡೊಂದನ್ನು ರೂಪಿಸಿದ್ದ ರೈಮೊ ಕೇಕನ್ನು ಪರೀಕ್ಷೆಗೆ ಮೊದಲೇ ತಂದಿದ್ದ.

"ಕೂಸು ಹುಟ್ಟೋಕ್ ಮುಂಚೆ ಕುಲಾವಿ," ಎಂದಳು ತೆರ್ತು.

"ಹುಟ್ಟಿದೆ ಕಣೇ, ಓಡಾಡ್ತಿದೆ. ಬೆಳಗಿಂದ ಕರೆಂಟ್ ತೆಗೆದು ಹಾಕ್ತಾನೇ ಇದೀನಿ. ಪ್ರತಿ ಸಲಾನೂ ಉತ್ತರ ಕೊಡ್ತು. ಬರೋ ವಾರ ಮಾಲು ಹೊರಡತ್ತೆ."

ಕಾಡಿನೊಳಗಿನ ಬೇಸಿಗೆ ಮನೆಗಳಿಗಾಗಿ ಮಾಡಿದ ಬೋರ್ಡು ಅದು. ಚಳಿಗಾಲವಿಡೀ ಯಾರೂ ಇಲ್ಲದ ಮನೆಯನ್ನು, ನೀರಿನ ಕೊಳವೆ ಹೆಪ್ಪುಗಟ್ಟಿ ಒಡೆಯದಷ್ಟು ಬೆಚ್ಚಗಿಡುವುದು ಅದರ ಕೆಲಸ. ಹಿಮದ ಭಾರಕ್ಕೆ ಮರ ಬಿದ್ದು ಕರೆಂಟು ಹೋಗಿ ಬಂದಾಗ ಅದು ತಾನಾಗಿ ಏಳಬೇಕು. ಏಳದಿದ್ದರೆ ಮನೆ ಹೋಯಿತು.

ತೆರ್ತು ಬೀಗ ಹಾಕುವ ಮೊದಲು ದೀಪ ಆರಿಸಿದಳು. ಕತ್ತಲಲ್ಲಿ ಕಂಪ್ಯೂಟರು ಕರೆಂಟು ಕಡಿದ ಟಕ್ ಸದ್ದು ಕೇಳಿಸಿತು. ರೈಮೊನ ಬೋರ್ಡಿನ ಮೇಲೆ ಹಸಿರು ಚುಕ್ಕಿಯೊಂದು ಮಾತ್ರ ಮಂಕಾಗಿ ಉರಿಯುತ್ತಲೇ ಇತ್ತು.

ಅವಳು ಮತ್ತೆ ದೀಪ ಹಾಕಿ ಬಗ್ಗಿ ನೋಡಿದಳು. ಕಂಪ್ಯೂಟರು ಬೋರ್ಡಿನೊಡನೆ ಮಾತಾಡಲು ಮೂರೇ ತಂತಿ ಸಾಕು: ಹೇಳುವುದೊಂದು, ಕೇಳುವುದೊಂದು, ನೆಲದ್ದು, ಅಂದರೆ ಅರ್ಥಿಂಗಿನದು, ಒಂದು. ರೈಮೊ ಕೆಂಪನ್ನೂ ಸಿಕ್ಕಿಸಿದ್ದ. ಕೆಂಪು ತಂತಿಯಲ್ಲಿ ಕಂಪ್ಯೂಟರಿನಿಂದ ಹರಿಯುವುದು ಕರೆಂಟು.

"ಇದ್ಯಾಕೋ?"

"ಕೇಬಲ್ಲಲ್ಲಿ ಇತ್ತಲ್ಲ, ಹಾಕ್ದೆ."

"ಹಾಕ್ದೆ! ಊಟಕ್ಕಿಟ್ಟಿದ್ದಾರೆ ಅಂತ ತಟ್ಟೇನೂ ತಿಂತೀಯಾ? ಮುಂಬಾಗಿಲಲ್ಲಿ ಕರೆಂಟ್ ಕಡಿದ್ರೆ ನಿನ್ನ ಬೋರ್ಡು ಹಿತ್ತಿಲ ಬಾಗಿಲಲ್ಲಿ ಹೀರ್ತಾ ಕೂತಿದೆ. ಇದೀಯಾ ಅಂದ್ರೆ ಇದೀನಿ ಅನ್ನದೆ ಇನ್ನೇನು? ಅದು ಹೋಗೇ ಇಲ್ಲ!"

ಅವಳು ಕೆಂಪು ತಂತಿಯನ್ನು ಕಿತ್ತಳು. ಟಕ್. ಚುಕ್ಕಿ ಆರಿತು. ಮತ್ತೆ ಟಕ್. ಕರೆಂಟು ಬಂತು, ಚುಕ್ಕಿ ಬರಲಿಲ್ಲ.

ರೈಮೊನ ಕೈ ಅಭ್ಯಾಸಬಲದಿಂದ ಬೋರ್ಡನ್ನು ಎಬ್ಬಿಸುವ ಗುಂಡಿಯತ್ತ ಹೋಯಿತು. "ಒಂದ್ಸಲ ಒತ್ತಿದ್ರೆ..."

"ಜನವರಿಲಿ ಯಾರು ಒತ್ತೋದು? ಕಾಡಿನ ಮೊಲಾನಾ?"

ರೈಮೊನ ಕಿವಿ ಕೆಂಪಾಯಿತು. ಅವನು ಬೋರ್ಡನ್ನು ಎದೆಗವಚಿಕೊಂಡು ಹೊರಟ. ಕೇಕನ್ನು ಯಾರೂ ಮುಟ್ಟಲಿಲ್ಲ. ಅಲ್ಲಿದ್ದ ಕೆಲವರಿಗೆ ಆಸೆಯಿತ್ತು. ಆದರೆ ತೆರ್ತು ಇದ್ದಳು.

ಮರುದಿನ ಅವನು ಗುಂಡಿಯ ಕಾಲಿಗೆ ಗೇಣಿಗಿಂತ ಚಿಕ್ಕ ತಂತಿಯೊಂದನ್ನು ಬೆಸೆದು ತಂದ. ಯಾರೂ ಒತ್ತದೆಯೇ, ಕರೆಂಟು ಬಂದೊಡನೆ ಬೋರ್ಡು ಎಚ್ಚರಾಗುವ ಹಾಗೆ. ಈ ಸಲ ತಂತಿಗಳನ್ನು ಸಿಕ್ಕಿಸುವಾಗ ಬಾಯಿ ಬಿಡಲಿಲ್ಲ. ಕೆಂಪು ತಂತಿಯ ತುದಿಯನ್ನು ಕತ್ತರಿಸಿ ಟೇಪು ಸುತ್ತಿದ್ದನ್ನು ತೆರ್ತು ಗಮನಿಸಿದಳು. ಬೀಗ, ಕೀಲಿ, ಕಾಫಿ. ರೈಮೊ ಲೋಟ ಎತ್ತಲೇ ಇಲ್ಲ.

ಬಾಗಿಲು ತೆರೆದಾಗ ಬೋರ್ಡು ಬಿದ್ದಷ್ಟು ಸಲವೂ ಎದ್ದಿತ್ತು. ತೆರ್ತು ಅದಕ್ಕೆ ಕಪಾಟಿನಲ್ಲಿ ಜಾಗ ಮಾಡಿದಳು. ಆಮೇಲೆ ಹಳೆಯ ಕೇಕಿಗೆ ಚಾಕು ಹಾಕಿ ಮೊದಲ ತುಂಡನ್ನು ಅವನ ಮುಂದಿಟ್ಟಳು.

"ಒಣಗಿದೆ," ಎಂದ ರೈಮೊ. "ನಿನ್ನೆ ಚೆನ್ನಾಗಿತ್ತು."

"ನಿನ್ನೆ ಇದು ಕೇಕಾಗಿರ್ಲಿಲ್ಲ ಕಣೋ, ಬಡಾಯಿ ಆಗಿತ್ತು. ಕಾಫೀಲಿ ಅದ್ದಿಕೊಂಡು ತಿನ್ನು."