ಬದುಕಿದ್ದ ತಮ್ಮನಿಗೆ ಬಂದ ಶ್ರದ್ಧಾಂಜಲಿ

ಕೊರೊನಾ ಕಾಲದಲ್ಲಿ ನನ್ನ ತಮ್ಮನಿಗೆ ರೋಗ ಬರಲಿಲ್ಲ. ಆದರೂ ಅವನು ಸಾಯುವ ಹಾಗಾದ. ಮೊಬೈಲಿನಿಂದ ಹಾಗಾಯಿತು ಎಂದರೆ ಜನ ನಗುತ್ತಾರೆ. ನಗಲಿ.

ತಮ್ಮ ನಮ್ಮ ಗಡಿಭಾಗದ ಬೋರಾಮಣಿ ಎಂಬ ಊರಿನಲ್ಲಿ ಕುರಿ ಕಾಯುವವನು. ಒಂದು ದಿನ ಹುಲ್ಲಿನ ಬಯಲಿನಲ್ಲಿ ಕಾಗೆ ಬಂದು ಅವನ ತಲೆಗೆ ಬಡಿದು ಹೋಯಿತು. ಕಾಗೆ ತಲೆ ಮುಟ್ಟಿದರೆ ಸಾವು ಬರುತ್ತದೆಂದು ನಮ್ಮಲ್ಲಿ ಹೆದರುತ್ತಾರೆ. ಅದಕ್ಕೆ ಪರಿಹಾರವೂ ಉಂಟು. ಕಾಗೆ ಮುಟ್ಟಿದವನು ಸತ್ತನೆಂದು ಹತ್ತಿರದವರೊಬ್ಬರಿಗೆ ಸುಳ್ಳು ಸುದ್ದಿ ಕಳಿಸಬೇಕು. ಅವರು ನಂಬಿ ಅತ್ತರೆ ದೋಷ ಕಳೆಯಿತು. ಹಿಂದೆ ಸುದ್ದಿ ತಂದವನು ಬಾಗಿಲಲ್ಲೇ ನಿಂತಿರುತ್ತಿದ್ದ. ನಾವು ಅತ್ತ ಮೇಲೆ ನಿಜ ಹೇಳಿ, ಬೈಸಿಕೊಂಡು, ಚಹಾ ಕುಡಿದು ಹೋಗುತ್ತಿದ್ದ.

ಈ ಸಲ ಲಾಕ್‌ಡೌನಿನಿಂದ ದಾರಿ ಬಂದ್ ಆಗಿತ್ತು. ತಮ್ಮನ ಸೊಸೆ ಕುಂಭಾರಿ ಊರಿನಲ್ಲಿರುವ ಈ ಅಕ್ಕನ ಮನೆಗೆ ಮೊಬೈಲಿನಲ್ಲೇ ಸುದ್ದಿ ಹಾಕಿದಳು. ನನಗೆ ಅಕ್ಷರ ಕೂಡಿಸಲು ಹೊತ್ತು ಬೇಕು, ಮಗ ಓದಿ ಹೇಳಿದ. ಎದೆ ಬಡಿದುಕೊಂಡು ಅತ್ತೆ. ಸ್ವಲ್ಪ ಹೊತ್ತಿಗೆ ಅವಳೇ ಫೋನು ಮಾಡಿ, ಮಾವ ಗಟ್ಟಿಯಾಗಿದ್ದಾರೆ, ಕಾಗೆ ಮುಟ್ಟಿತ್ತು ಎಂದಳು. ಅವಳನ್ನು ಚೆನ್ನಾಗಿ ಬೈದು ಕಣ್ಣೊರೆಸಿಕೊಂಡೆ. ಅಲ್ಲಿಗೆ ಮುಗಿಯಬೇಕಿತ್ತು.

ಅಷ್ಟರಲ್ಲಿ ನನ್ನ ಮಗ ಆ ಸಾವಿನ ಸುದ್ದಿಯನ್ನು ಬೀಗರು ಬಿಜ್ಜರ ಮೊಬೈಲ್ ಗ್ರೂಪಿಗೆ ದಾಟಿಸಿಬಿಟ್ಟಿದ್ದ. ಯಾರೋ ಕೊರೊನಾದಿಂದ ಎಂದು ಸೇರಿಸಿದರು. ಆಗ ಬೇರೆ ಯಾವುದರಿಂದಲೂ ಸಾಯಲು ಪರವಾನಗಿ ಇರಲಿಲ್ಲವಲ್ಲ! ಇನ್ಯಾರೋ ಅವನ ಫೋಟೋಕ್ಕೆ ಹಾರ ಹಾಕಿ ಮರಾಠಿಯಲ್ಲಿ ಶ್ರದ್ಧಾಂಜಲಿ ಬರೆದರು. ಮತ್ತೊಬ್ಬ, ಆಕ್ಸಿಜನ್ ಸಿಗದೆ ಒದ್ದಾಡಿ ಹೋದನೆಂದು ಕಣ್ಣಾರೆ ಕಂಡವನಂತೆ ಬರೆದ. ಅವನು ಬದುಕಿದ್ದಾನೆ ಎಂದು ಮಗ ಹಾಕಿದ್ದನ್ನು ಮಾತ್ರ ಒಬ್ಬರೂ ಮುಂದಕ್ಕೆ ಕಳಿಸಲಿಲ್ಲ. ಬದುಕಿರುವ ಮುದುಕನ ಸುದ್ದಿ ಯಾರಿಗೆ ಬೇಕು?

ಇದೆಲ್ಲ ತಮ್ಮನ ಮೊಬೈಲಿಗೂ ಬಂತು. ಮೊದಲು ನಕ್ಕನಂತೆ. ಆಮೇಲೆ ದಿನವಿಡೀ ಅದನ್ನೇ ಓದುತ್ತ, ಟಿವಿಯಲ್ಲಿ ಉರಿಯುವ ಚಿತೆಗಳನ್ನು ನೋಡುತ್ತ ಕುಳಿತ. ಉಸಿರಾಡಲು ಆಗುತ್ತಿಲ್ಲ ಎಂದ. ನರ್ಸಬಾಯಿ ಬೆರಳಿಗೆ ಯಂತ್ರ ಹಚ್ಚಿ, ಏನೂ ಆಗಿಲ್ಲ ಎಂದರೂ ನಂಬಲಿಲ್ಲ. ಊಟ ಬಿಟ್ಟ, ಕುರಿ ಬಿಟ್ಟ. ಮಲಗಿದರೆ ಏಳುವುದಿಲ್ಲವೆಂದು ಗೋಡೆಗೊರಗಿ ಕೂತೇ ಇದ್ದ.

ಹಾಲಿನ ಗಾಡಿಗೆ ಮಾತ್ರ ದಾರಿ ಬಿಡುತ್ತಿದ್ದರು, ಅದನ್ನೇ ಹತ್ತಿ ಬೋರಾಮಣಿಗೆ ಹೋದೆ. ನನ್ನನ್ನು ಕಂಡದ್ದೇ ಮೊಬೈಲು ಮುಂದೆ ಹಿಡಿದ.

"ಅಕ್ಕಾ, ಇಷ್ಟ ಮಂದಿ ಬರದಾರ. ಎಲ್ಲಾರೂ ಸುಳ್ಳ ಹೇಳ್ತಾರೇನ?"

"ಅತ್ತಾಕಿ ನಾ ಒಬ್ಬಾಕಿ," ಎಂದೆ. "ಇವರು ಬರೇ ಮೊಬೈಲ್ ಮ್ಯಾಲ ಬೆರಳ ಒತ್ತ್ಯಾರ. ಫೋನ್ ಹಚ್ಚ. ನಾ ಹೆಂಗ ಸತ್ತೆ ಅಂತ ಒಬ್ಬೊಬ್ಬರಿಗೆ ಕೇಳ."

ಒಲ್ಲೆನೆಂದ. ಸೊಸೆಯಿಂದ ನಂಬರು ಹಚ್ಚಿಸಿ ನಾನೇ ಅವನ ಕಿವಿಗೆ ಹಿಡಿದೆ. ಮೊದಲನೆಯವನು ಇವನ ದನಿ ಕೇಳಿ ಫೋನೇ ಇಟ್ಟುಬಿಟ್ಟ. ಇನ್ನೊಬ್ಬಳು, ನಮಗೆ ಬಂದದ್ದನ್ನು ಮುಂದಕ್ಕೆ ಕಳಿಸಿದೆವು ಅಷ್ಟೇ ಎಂದಳು. ಆಕ್ಸಿಜನ್ ಎಂದು ಬರೆದವನು ಸಿಕ್ಕಾಗ ತಮ್ಮನ ದನಿ ಏರಿತು. ಹಾರ ಹಾಕಿದವನಿಗಂತೂ ಹಟ್ಟಿಯ ಕುರಿಗಳು ಬೆದರುವಂತೆ ಬೈದ. ಉಸಿರಾಡಲಾಗದವನ ಬೈಗುಳ ಅಲ್ಲ ಅದು. ಸೊಸೆ ರೊಟ್ಟಿ ತಂದಿಟ್ಟಳು, ಬೈಯುತ್ತಲೇ ತಿಂದ.

ಒಬ್ಬರೂ ತಪ್ಪಾಯಿತು ಎನ್ನಲಿಲ್ಲ. ಮುಂದೆ ಒಂದು ಮದುವೆಯಲ್ಲಿ ಅವನ ಪಕ್ಕದಲ್ಲೇ ಕೂತು ಹುಗ್ಗಿ ಉಂಡರು. ತಮ್ಮ ಈಗ ಕುರಿ ಮೇಯಿಸುತ್ತಾನೆ. ಆದರೆ ಮೊಬೈಲು ಟಿಣ್ ಎಂದರೆ ಇವತ್ತಿಗೂ ಎದೆ ಹಿಡಿದುಕೊಳ್ಳುತ್ತಾನೆ. ಇದಕ್ಕೆ ಯಾರ ಮೇಲೆ ಫಿರ್ಯಾದು ಕೊಡಬೇಕು, ಹೇಳಿ.